ಸಂಡಿಗೆ ಪಕ್ಕ ಒಣಗಿದ ಬ್ಯಾಟರಿ

ಒಂದು ಕರ್ಟನ್ ರಾಡಿಗೆ ಎಷ್ಟು ತೂತು ಬೇಕು? ನಾಲ್ಕು. ಎಡಕ್ಕೆ ಎರಡು, ಬಲಕ್ಕೆ ಎರಡು. ಈ ಲೆಕ್ಕ ನನಗೂ ಗೊತ್ತಿತ್ತು, ನನ್ನ ಹೆಂಡತಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಡ್ರಿಲ್ಲಿಂಗ್ ಮಿಷನ್ನಿನ ಬ್ಯಾಟರಿಗೆ ಮಾತ್ರ. ಅದು ಎರಡೂವರೆಗೆ ನಿಂತಿತು.

ಎರಡೂವರೆ ಅಂದರೆ ನಿಜಕ್ಕೂ ಎರಡೂವರೆ. ಕಿಟಕಿಯ ಮೇಲೆ ಲಿಂಟಲ್ ಇರುತ್ತಲ್ಲ, ಅಲ್ಲಿ ಕಾಂಕ್ರೀಟು. ಮಿಷನ್ನಿನ ಮೂತಿಗೆ ಸಿಕ್ಕಿಸುವ ಕೊರೆಯೋ ಕಡ್ಡಿ, ಅದೇ ಡ್ರಿಲ್ ಬಿಟ್ಟು, ಇಟ್ಟಿಗೆಯಲ್ಲಿ ಸಲೀಸಾಗಿ ಇಳಿಯುತ್ತದೆ, ಅಲ್ಲಿ ಒದ್ದಾಡುತ್ತದೆ, ಬ್ಯಾಟರಿಯನ್ನು ಹೀರಿಬಿಡುತ್ತದೆ. ಮೂರನೇ ತೂತು ಅರ್ಧ ಆಗಿತ್ತು. 'ಗುರ್ರ್' ಅನ್ನುತ್ತಿದ್ದದ್ದು 'ಗು' ಅಂದು ಸುಮ್ಮನಾಯಿತು. ನಾನು ಸ್ಟೂಲಿನ ಮೇಲೆ, ಬಿಟ್ಟು ಗೋಡೆಯೊಳಗೆ, ತಲೆಯ ಮೇಲೆಲ್ಲ ಸಿಮೆಂಟ್ ಪುಡಿ. ಕೆಳಗೆ ಸ್ಟೂಲು ಹಿಡಿದುಕೊಂಡಿದ್ದವರು ನನ್ನ ಮಾವ.

ಮಾವ ಲೈನ್‌ಮನ್ ಆಗಿ ರಿಟೈರ್ ಆದವರು. ಶ್ರೀನಿವಾಸಪುರದಿಂದ ಒಂದು ಚೀಲ ಮಾವಿನಕಾಯಿ ಹೊತ್ತುಕೊಂಡು, ಅತ್ತೆ ಜೊತೆ ಕೋಲಾರಕ್ಕೆ ನಮ್ಮ ಮನೆಗೆ ಬಂದಿದ್ದರು. ಮೇಲೆ ನೋಡಿ ಕೇಳಿದರು.

"ಏನಾಯ್ತು ಅಳಿಯಂದ್ರೆ?"

"ಬ್ಯಾಟರಿ ಹೋಯ್ತು ಮಾವ."

"1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ವರೆಗೆ ಲೈನ್ ಎಳೆದ್ರು. 147 ಕಿಲೋಮೀಟರು! ನಿಮ್ಮ ಮಿಷನ್ನು ಕಿಟಕಿಯ ಈ ಕಡೆಯಿಂದ ಆ ಕಡೆಗೆ ಬರಲಿಲ್ವಲ್ರೀ."

ಇದಕ್ಕೆ ಏನು ಉತ್ತರ ಕೊಡೋದು? ಗೋಡೆಯಿಂದ ಬಿಟ್ಟು ಎಳೆದುಕೊಂಡು ಕೆಳಗಿಳಿದೆ.

ನನಗೆ ಉರಿದದ್ದು ಯಾಕೆಂದರೆ ಹಿಂದಿನ ರಾತ್ರಿ ನಾನೇ ಅದನ್ನು ಚಾರ್ಜಿಗೆ ಹಾಕಿದ್ದೆ. ಇಪ್ಪತ್ತೇ ನಿಮಿಷಕ್ಕೆ ಹಸಿರು ದೀಪ ಬಂದಿತ್ತು. 'ನೋಡು, ಎಷ್ಟು ಬೇಗ ತುಂಬ್ತು' ಅಂತ ಹೆಂಡತಿಯ ಹತ್ತಿರ ಹೆಮ್ಮೆ ಬೇರೆ ಪಟ್ಟಿದ್ದೆ. ಬಿಂದಿಗೆ ಬೇಗ ತುಂಬಿದರೆ ನಲ್ಲಿ ಜೋರಾಗಿದೆ ಅಂತಲೇ ಯಾಕೆ ಅಂದುಕೊಳ್ಳಬೇಕು, ಬಿಂದಿಗೆಯೇ ಚೊಂಬಾಗಿರಬಹುದು ಅಲ್ವಾ? ಆಗ ಹೊಳೆಯಲಿಲ್ಲ. ಈಗ ಮತ್ತೆ ಚಾರ್ಜರಿಗೆ ಸಿಕ್ಕಿಸಿದರೆ ಕೆಂಪು, ಹಸಿರು, ಕೆಂಪು, ಹಸಿರು. ಊರಹಬ್ಬದ ಸೀರಿಯಲ್ ಲೈಟಿನ ಹಾಗೆ.

ಮಿಷನ್ ಕೊಂಡಿದ್ದ ಅಂಗಡಿಗೆ ಫೋನ್ ಮಾಡಿದೆ. "ಸಾರ್, ಆ ಮಾಡೆಲ್ ನಿಂತೋಯ್ತು. ಬ್ಯಾಟರಿ ತರಿಸಿಕೊಟ್ರೆ 2,400 ಆಗುತ್ತೆ. ಹೊಸ ಮಿಷನ್ನೇ ತಗೊಳ್ಳಿ, ಎರಡು ಬ್ಯಾಟರಿ ಬರುತ್ತೆ, 3,600." ಮನೆಯಲ್ಲಿ ಚೆನ್ನಾಗಿರುವ ಮಿಷನ್ನು ಇದೆ, ಅದರ ಹೊಟ್ಟೆಗೆ ಹಾಕೋದಕ್ಕೆ ಇನ್ನೊಂದು ಮಿಷನ್ನೇ ತರಬೇಕಂತೆ. ಹೊಸದು ಹಳೆಯದಕ್ಕೆ ಕೂರುತ್ತಾ ಅಂತ ಕೇಳಿದೆ. ಕೂರಲ್ಲ, ಕಚ್ಚಿಕೊಳ್ಳೋ ಜಾಗ ಬದಲಾಗಿದೆಯಂತೆ. ಸುಮ್ನೆ ಕೇಳಿದ್ದು ತಪ್ಪಾಯಿತು.

ಫೋನಿನಲ್ಲಿ ಇಷ್ಟು ಹೊಟ್ಟೆ ಉರಿಸಿಕೊಂಡು ಬಂದರೆ ಮೇಜಿನ ಮೇಲೆ ಬ್ಯಾಟರಿ ಇಲ್ಲ.

ಅತ್ತೆ ಟೆರೇಸಿನಲ್ಲಿ ಸಂಡಿಗೆ ಇಟ್ಟಿದ್ದರು. ಹಳೇ ಬಿಳಿ ಪಂಚೆ ಹಾಸಿ, ಸಾಲು ಸಾಲಾಗಿ ಅರಳು ಸಂಡಿಗೆ. ಇನ್ನೊಂದು ಮೂಲೆಗೆ ಬಾಳಕದ ಮೆಣಸಿನಕಾಯಿ. ಎರಡರ ಮಧ್ಯೆ, ಅಂಚು ಮಡಿಸಿದ ಜಾಗದಲ್ಲಿ, ನನ್ನ ಬ್ಯಾಟರಿ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಕಾಗೆ ಓಡಿಸೋ ಕೋಲು ಹಿಡಿದು ಮಾವ ಕೂತಿದ್ದರು.

"ಇದ್ಯಾಕೆ ಮಾವ ಇಲ್ಲಿ?"

"ಒಂದು ಗಂಟೆ ಬಿಸಿಲು ಕುಡೀಲಿ ಬಿಡಿ. ಜೀವ ಬರ್ತದೆ."

"ಇದು ಲಿಥಿಯಂ ಮಾವ, ಬಿಸಿಲು ಆಗಲ್ಲ ಇದಕ್ಕೆ."

"ಯಾವುದಾದ್ರೇನು, ಒಳಗೆ ಶೆಲ್ಲೇ ತಾನೇ ಇರೋದು?"

ಹೇಳುತ್ತಾ ಹೇಳುತ್ತಾ ಬಗ್ಗಿ ಬ್ಯಾಟರಿಯನ್ನು ಮಗುಚಿ ಹಾಕಿದರು. ಕಾವಲಿಯ ಮೇಲೆ ರೊಟ್ಟಿ ಮಗುಚುತ್ತಾರಲ್ಲ, ಅದೇ ಜಾಗ್ರತೆ. "ಈ ಕಡೆ ಆಯ್ತು" ಅಂದರು. ಕಾಗೆಯೊಂದು ಬಂದು ಸಂಡಿಗೆ ಬಿಟ್ಟು ಬ್ಯಾಟರಿಯ ಹಳದಿ ಬಣ್ಣಕ್ಕೇ ಕುಕ್ಕಿತು. ಮಾವ ಕೋಲು ಬೀಸಿದರು. ಕಾಗೆ ಹಾರಿಹೋಯಿತು, ಆರು ಸಂಡಿಗೆ ಪುಡಿಯಾಯಿತು. ಗದ್ದಲ ಕೇಳಿ ಮೇಲೆ ಬಂದ ಅತ್ತೆ ಪುಡಿಯಾದದ್ದನ್ನು ನೋಡಿದರು, ಬ್ಯಾಟರಿಯನ್ನು ನೋಡಿದರು, ಮಾವನನ್ನು ನೋಡಿದರು.

"ಸಂಜೆಗೆ ಇದನ್ನೂ ಕರೀಬೇಕಾ?"

ಅಳಿಯನಾದವನಿಗೆ ಇಂಥ ಜಾಗದಲ್ಲಿ ನಗೋ ಹಕ್ಕಿಲ್ಲ, ಬಯ್ಯೋ ಹಕ್ಕಂತೂ ಮೊದಲೇ ಇಲ್ಲ. ಬ್ಯಾಟರಿ ಎತ್ತಿಕೊಂಡೆ. ಅಂಗೈ ಸುಟ್ಟಿತು. ಈ ಜಾತಿಯ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜಿಗೇ ಹಾಕಬಾರದು. ಏಪ್ರಿಲ್ ಮಧ್ಯಾಹ್ನ ನಮ್ಮ ಟೆರೇಸಿನಲ್ಲಿ ಬರಿಗಾಲಲ್ಲಿ ನಿಲ್ಲೋಕೇ ಆಗಲ್ಲ. ಪಾಪ, ಇದು ಆಗಲೇ ಎರಡು ಮಗ್ಗುಲೂ ಬೆಂದಿತ್ತು.

ಆದರೂ ಮೆಟ್ಟಿಲು ಇಳಿಯುವಾಗ ನನ್ನ ತಾತನ ನೆನಪಾಯಿತು. ರೇಡಿಯೋದಲ್ಲಿ ವಾರ್ತೆ ಓದುವವರ ದನಿ ಸಣ್ಣಗಾಯಿತೆಂದರೆ ತಾತ ಶೆಲ್ಲು ಬಿಚ್ಚಿ ಕಾಂಪೌಂಡಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಬಿಸಿಲಿಗೆ ಆ ಹಳೇ ಶೆಲ್ಲಿನ ಒಳಗಿನ ಕೆಮಿಕಲ್ಲು ಸ್ವಲ್ಪ ಚುರುಕಾಗಿ, ಇನ್ನೆರಡು ದಿನ ವಾರ್ತೆ ಕೇಳಿಸುತ್ತಿತ್ತು. ನಡುರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕೋಕೆ ಹೋಗುವ ಟಾರ್ಚಿಗೂ ಅವೇ ಶೆಲ್ಲು. ಪೂರ್ತಿ ಸತ್ತ ಮೇಲೆ ನಮಗೆ ಕೊಡುತ್ತಿದ್ದರು. ಒಡೆದರೆ ಒಳಗೆ ಕಪ್ಪು ಕಡ್ಡಿ ಸಿಗುತ್ತಿತ್ತು. ಅದರಲ್ಲಿ ಜಗಲಿ ಮೇಲೆ ಚೌಕಾಬಾರದ ಮನೆ ಬರೆಯುತ್ತಿದ್ದೆವು. ಯಾವ ಅಂಗಡಿಯವರೂ ಆಗ 'ರೇಡಿಯೋನೇ ಹೊಸದು ತಗೊಳ್ಳಿ' ಅಂದಿದ್ದು ನನಗೆ ನೆನಪಿಲ್ಲ.

ಬ್ಯಾಟರಿ ಆರಿದ ಮೇಲೆ ಡೂಂಲೈಟ್ ಸರ್ಕಲ್ ಹತ್ತಿರ ಬ್ಯಾಟರಿ ರಿಪೇರಿ ಮಾಡುವ ಹುಡುಗನ ಬಳಿ ಹೋದೆ. ನಾಲ್ಕು ಸ್ಕ್ರೂ ಬಿಚ್ಚಿ ತೆರೆದ. ಒಳಗೆ ಹೆಬ್ಬೆರಳು ದಪ್ಪದ ಐದು ಸೆಲ್ಲು. ಮಾವ ಹೇಳಿದ್ದು ಸರಿ, ಶೆಲ್ಲೇ! 18650 ಅಂತಾರೆ ಇವಕ್ಕೆ. 18 ಮಿಲಿಮೀಟರ್ ದಪ್ಪ, 65 ಉದ್ದ. ಒಂದೊಂದು 3.6 ವೋಲ್ಟು, ಐದು ಸೇರಿದರೆ 18. ಹಾಗಾದರೆ ಡಬ್ಬದ ಮೇಲೆ 20 ಅಂತ ಯಾಕೆ ಹಾಕಿದ್ದಾರೆ ಅಂತ ಕೇಳಿದೆ. "ಆಗ ತಾನೇ ಫುಲ್ ಚಾರ್ಜ್ ಆದಾಗಿನ ಲೆಕ್ಕ ಸಾರ್ ಅದು" ಅಂದ. ಹೆಣ್ಣು ನೋಡೋಕೆ ಬಂದ ದಿನದ ಗಂಡಿನ ಹಾಗೆ, ಆ ಒಂದು ಗಂಟೆಗೆ ಮಾತ್ರ 20.

ಮೀಟರ್ ಹಿಡಿದ. ನಾಲ್ಕು ಸೆಲ್ಲು 3.7 ತೋರಿಸಿದವು. ಐದನೆಯದು 1.2. ಸಾಲಿನಲ್ಲಿ ಒಂದು ಮಲಗಿದರೆ ಉಳಿದವು ಎಷ್ಟು ಗಟ್ಟಿಯಿದ್ದರೂ ಒಳಗಿನ ಸರ್ಕ್ಯೂಟ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದಂತೆ.

"ಬಿಸಿಲಿಗೆ ಹೋಯ್ತಾ?" ನಾನು ಆಸೆಯಿಂದ ಕೇಳಿದೆ.

"ಒಂದಿನದ ಬಿಸಿಲಿಗೆ ಇಷ್ಟಾಗಲ್ಲ ಸಾರ್. ಖಾಲಿ ಮಾಡಿ ಎತ್ತಿಟ್ಟು ಮರೆತಿದ್ರಾ?"

ಮರೆತಿದ್ದೆ. ದೀಪಾವಳಿಗೆ ಸೀರಿಯಲ್ ಲೈಟ್ ಹಾಕೋಕೆ ತೂತು ಕೊರೆದು, ಪೂರ್ತಿ ಖಾಲಿ ಮಾಡಿಯೇ ಅಟ್ಟಕ್ಕೆ ಹಾಕಿದ್ದೆ. ಅದೂ ಬೇಕಂತಲೇ! ಹಳೇ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದಲ್ಲಿ ಯಾರೋ ಹೇಳಿದ್ದರು, 'ಪೂರ್ತಿ ಇಳಿಸಬೇಕು, ಇಲ್ಲಾಂದ್ರೆ ಅಭ್ಯಾಸ ಕೆಡುತ್ತೆ' ಅಂತ. ಲಿಥಿಯಮ್ಮಿಗೆ ಅದು ಉಲ್ಟಾ. ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡಬೇಕು. ಖಾಲಿ ಇಟ್ಟರೆ ತಾನಾಗಿಯೇ ಇನ್ನೂ ಇಳಿದು ಸಾಯುತ್ತದೆ. ನಮ್ಮ ಅಟ್ಟ ಇರೋದು ಅಡುಗೆಮನೆಯಲ್ಲಿ, ಒಲೆಯ ನೇರಕ್ಕೆ. ಅಲ್ಲಿಗೆ ತಂಪಿನ ಮಾತೂ ಮುಗಿಯಿತು.

ಐದೂ ಬದಲಾಯಿಸಿಬಿಡೋಣ ಅಂದ, ಹೊಸದು ಹಳೆಯದು ಒಟ್ಟಿಗೆ ಕಟ್ಟಬಾರದಂತೆ. ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋದಕ್ಕೆ ಎಂಎಎಚ್ ಅಂತ ಒಂದು ಅಳತೆ. ಆನ್‌ಲೈನಿನಲ್ಲಿ 9900 ಎಂಎಎಚ್ ಸೆಲ್ಲು ಅಗ್ಗಕ್ಕೆ ನೋಡಿದ್ದೆ ಅಂದೆ. ಹುಡುಗ ನಕ್ಕ. ಈ ಗಾತ್ರದಲ್ಲಿ 3500 ಸಿಕ್ಕರೆ ದೊಡ್ಡದು, ಅದರಲ್ಲೂ ಡ್ರಿಲ್ಲಿಗೆ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡುವ ಸೆಲ್ಲೇ ಬೇಕು, ಪವರ್ ಬ್ಯಾಂಕಿನದು ಹಾಕಿದರೆ ಬಿಸಿಯಾಗಿ ಕೂರುತ್ತದೆ ಅಂದ. ನಿಕ್ಕಲ್ ಪಟ್ಟಿ ಇಟ್ಟು ಟಿಕ್ ಟಿಕ್ ಅಂತ ಸ್ಪಾಟ್ ವೆಲ್ಡ್ ಮಾಡಿ ಕೊಟ್ಟ. "ಮನೇಲಿ ಬಿಚ್ಚಿ ಬೆಸುಗೆ ಹಾಕೋಕೆ ಹೋಗ್ಬೇಡಿ ಸಾರ್" ಅಂತ ಎಚ್ಚರಿಕೆ ಬೇರೆ. ನನ್ನ ಮುಖ ನೋಡಿದರೆ ಹಾಗನ್ನಿಸುತ್ತೇನೋ.

ವಾಪಸ್ ಬಂದೆ. "ಬಿಸಿಲಿಗೆ ಹೋಗಿತ್ತಾ?" ಅಂತ ಹೆಂಡತಿ ಮೆಲ್ಲಗೆ ಕೇಳಿದಳು. ನಾನು ಕೆಮ್ಮಿದೆ.

ಹಾಲ್‌ನಲ್ಲಿ ಕರ್ಟನ್ ಆಗಲೇ ನೇತಾಡುತ್ತಿತ್ತು. ಮಾವ ಪಕ್ಕದ ಮನೆಯಿಂದ ಚಾಣ, ಸುತ್ತಿಗೆ ತಂದು ಉಳಿದ ಒಂದೂವರೆ ತೂತು ಮುಗಿಸಿದ್ದರು. ಬಲಗಡೆ ಎರಡು ಬೆರಳು ಕೆಳಗೆ. ಫ್ಯಾನ್ ಹಾಕಿದರೆ ಕರ್ಟನ್ ತಾನೇ ಸರಸರ ಅಂತ ಬಲಕ್ಕೆ ಜಾರಿ, ಟೀವಿಯ ಮುಖಕ್ಕೆ ಬಿಸಿಲು ಬೀಳುತ್ತದೆ. ಮಾವ ಅದಕ್ಕೆ ಒಂದು ಬಟ್ಟೆ ಕ್ಲಿಪ್ಪು ಹಾಕಿದ್ದಾರೆ. ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಬೀರುವಿನ ಕೆಳಗಿನ ಖಾನೆಯಲ್ಲಿ ತಣ್ಣಗೆ ಕೂತಿದೆ. ರಾಡ್ ನೆಟ್ಟಗೆ ಮಾಡೋಣ ಅಂದರೆ ನಾಲ್ಕೇ ತೂತಿನ ಕೆಲಸ. ಮಾವ ಊರಿಗೆ ಹೋಗಲಿ ಅಂತ ಕಾಯುತ್ತಿದ್ದೇನೆ.