ಚಿಕ್ಕಮ್ಮನ ಪಕ್ಕ ಕೂತು ನೋಡಿದ ‘ಅಣ್ಣಯ್ಯ’

1993. ದಾವಣಗೆರೆಯ ಟಾಕೀಸಿನಲ್ಲಿ ‘ಅಣ್ಣಯ್ಯ’. ನನಗೆ ಒಂಬತ್ತು ವರ್ಷ. ಪಕ್ಕದಲ್ಲಿ ಚಿಕ್ಕಮ್ಮ, ಅವ್ವ ತೀರಿಕೊಂಡ ಮೇಲೆ ಅಪ್ಪ ಮದುವೆಯಾದವಳು. ತೊಡೆಯ ಮೇಲೆ ಮಂಡಕ್ಕಿ ಪೊಟ್ಟಣ. ಪರದೆ ಮೇಲೆ ಅರುಣಾ ಇರಾನಿ ಬಂದಾಗಲೆಲ್ಲ ಹೆಂಗಸರ ಸಾಲಿನಿಂದ ಶಾಪ. ‘ಮಲತಾಯಿ ಅಂದ್ರೆ ಹಿಂಗೇ ನೋಡ್ರೀ’ ಎಂದು ಯಾರೋ ಗಟ್ಟಿಯಾಗಿ ಅಂದರು. ಚಿಕ್ಕಮ್ಮ ಮಂಡಕ್ಕಿ ತಿನ್ನೋದು ನಿಲ್ಲಿಸಿದಳು. ಪೊಟ್ಟಣ ಹಾಗೇ ಮನೆಗೆ ಬಂತು.

ಕಥೆ ಹಳೆಯದು. 1969ರ ‘ಮಲ್ಲಮ್ಮನ ಪವಾಡ’ದ್ದು. 1992ರಲ್ಲಿ ಹಿಂದಿಯಲ್ಲಿ ‘ಬೇಟಾ’ ಆಗಿಯೂ ಬಂದಿತ್ತು. ಆಸ್ತಿ ಆಸೆಗೆ ಮಲಮಗನನ್ನು ಓದಿಸದೆ ಬೆಳೆಸುವ ಮಲತಾಯಿ. ನಮ್ಮ ಚಿಕ್ಕಮ್ಮ ಮಗ್ಗಿ ಒಪ್ಪಿಸದೆ ನನಗೆ ರೊಟ್ಟಿ ಬಡಿಸುತ್ತಿರಲಿಲ್ಲ! ಆದರೂ ಓಣಿಯ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು, ‘ಹೊಟ್ಟೆ ತುಂಬ ಉಣ್ಣಾಕೆ ಇಡ್ತಾಳೇನೋ ತಮ್ಮಾ?’

ನಾನೀಗ ನ್ಯೂಜೆರ್ಸಿಯಲ್ಲಿದ್ದೇನೆ. ಮಗಳ ಗೆಳತಿ ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಅಮ್ಮನ ಹೊಸ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಮೊದಮೊದಲು ನನಗೆ ಕಸಿವಿಸಿ. ಅವಳ ಹುಟ್ಟುಹಬ್ಬಕ್ಕೆ ಮೂವರೂ ದೊಡ್ಡವರು ಸೇರಿ ಕೇಕ್ ಹಂಚಿದ್ದನ್ನು ನೋಡಿದ ಮೇಲೆ ಅದು ಹೋಯಿತು.

ಇಲ್ಲಿನ ‘ಸ್ಟೆಪ್‌ಮಾಮ್’ (1998) ಸಿನಿಮಾದಲ್ಲಿ ಹೆತ್ತವಳೂ ಇದ್ದಾಳೆ, ಅಪ್ಪ ಮದುವೆಯಾಗಲಿರುವವಳೂ ಇದ್ದಾಳೆ. ಇಬ್ಬರೂ ಜಗಳವಾಡುತ್ತಾರೆ, ಆದರೆ ಯಾರೂ ಕೆಟ್ಟವರಲ್ಲ. 2010ರಲ್ಲಿ ಅದೇ ಹಿಂದಿಯ ‘ವಿ ಆರ್ ಫ್ಯಾಮಿಲಿ’. ನನ್ನ ತಕರಾರು ಒಂದೇ. ಎರಡರಲ್ಲೂ ಹೆತ್ತವಳಿಗೆ ಕ್ಯಾನ್ಸರ್ ಬರಲೇಬೇಕು, ಆಗಲೇ ಇನ್ನೊಬ್ಬಳಿಗೆ ಜಾಗ. ಯಾಕೆ, ಇಬ್ಬರೂ ಬದುಕಿದ್ದರೆ ಮಕ್ಕಳಿಗೆ ಜಾಸ್ತಿಯಾಗುತ್ತಾ?

ಹಾಗಂತ ಹೆಸರು ಹಿಡಿದು ಕರೆಯೋದು ನಮಗೆ ಬೇಡ. ‘ಚಿಕ್ಕಮ್ಮ’ ಇದೆಯಲ್ವಾ? ಅವ್ವನ ತಂಗಿಗೂ ಅದೇ, ಅಪ್ಪನ ಎರಡನೇ ಹೆಂಡತಿಗೂ ಅದೇ. ಮನೆಯಲ್ಲಿ ಇಷ್ಟು ಒಳ್ಳೆಯ ಮಾತಿಟ್ಟುಕೊಂಡು, ಪೇಪರಿನಲ್ಲಿ ಮಾತ್ರ ಅನುದಾನ ಕಡಿಮೆಯಾದಾಗಲೆಲ್ಲ ‘ಮಲತಾಯಿ ಧೋರಣೆ’ ಅಂತ ಬರೆಯುತ್ತೇವೆ. ಓದಿದಾಗಲೆಲ್ಲ ನನಗೆ ಆ ಪೊಟ್ಟಣ ನೆನಪಾಗುತ್ತದೆ. ಇನ್ನು ಮಲತಂದೆ? ನಮ್ಮ ಕಡೆ ಉಡಿಕೆ, ಅಂದರೆ ಹೆಣ್ಣಿನ ಮರುಮದುವೆ, ಹೊಸದೇನಲ್ಲ. ಅವನ ಕಥೆಯನ್ನಂತೂ ಪರದೆ ಮೇಲೆ ನಾನು ಕಂಡಿದ್ದೇ ಕಡಿಮೆ.

ಕನ್ನಡದ ಯಾರಾದರೂ ಡೈರೆಕ್ಟರು ದಾವಣಗೆರೆಯ ನಮ್ಮ ನಿಟುವಳ್ಳಿ ಮನೆಯ ಸೋಮವಾರವನ್ನು ತೋರಿಸಬೇಕು ಅಂತ ನನಗೆ ಆಸೆ. ಇಲ್ಲಿ ಭಾನುವಾರ ರಾತ್ರಿ ನಾನು ವಿಡಿಯೊ ಕಾಲ್ ಮಾಡುವಾಗ ಅಲ್ಲಿ ಬೆಳಗಾಗಿರುತ್ತದೆ. ಚಿಕ್ಕಮ್ಮ ಸ್ಟೂಲ್ ಹತ್ತಿ ಅವ್ವನ ಫೋಟೊದ ಬಾಡಿದ ಹೂ ತೆಗೆದು ಹೊಸದು ಮುಡಿಸುತ್ತಿರುತ್ತಾಳೆ. ಮೊಣಕಾಲು ನೋವು, ಬೇರೆಯವರಿಗೆ ಹೇಳು ಅಂದರೆ ಕೇಳಲ್ಲ.

‘ಅಕ್ಕಗೆ ನಾನೇ ಹಾಕ್ಬೇಕಪ್ಪಾ’ ಅಂತಾಳೆ.