ಅನ್ನದೊಳಗಿನ ಕಣಜ

ಜಪಾನಿನ ಗಿಫು ಪ್ರಾಂತ್ಯದ ಕುಶಿಹಾರಾ ನಮ್ಮ ತೀರ್ಥಹಳ್ಳಿ ಕಡೆಯಂತೆ ಬೆಟ್ಟ-ಗದ್ದೆಯ ಊರು. ಬೇಸಿಗೆ ರಜೆಗೆ ಸಹೋದ್ಯೋಗಿಯೊಬ್ಬನ ಮನೆಗೆ ಹೋಗಿದ್ದೆ. ಅವನಪ್ಪ, 'ನಾಳೆ ಹೆಬೊ ಹಿಡಿಯೋಣ ಬರ್ತೀಯಾ?' ಅಂದಾಗ ಯಾವುದೋ ಹೊಳೆಮೀನು ಇರಬೇಕೆಂದು ಜೋರಾಗಿ ತಲೆಯಾಡಿಸಿಬಿಟ್ಟೆ.

ಹೆಬೊ ಅಂದರೆ ನೆಲದೊಳಗೆ ಗೂಡು ಕಟ್ಟುವ ಕಪ್ಪು ಕಣಜ. ಮರುದಿನ ಗುಡ್ಡ ಹತ್ತಿದ ಮೇಲೆ ಗೊತ್ತಾಯಿತು.

ಮುದುಕರು ಕಡ್ಡಿಗೆ ಸ್ಕ್ವಿಡ್ ಚುಚ್ಚಿಟ್ಟರು. ಹುಳ ಬಂದು ಕೂತಿತು. ಕಡಲೆಬೇಳೆಗಿಂತ ಚಿಕ್ಕ ತುಂಡಿಗೆ ಬಿಳಿ ಎಳೆಯೊಂದನ್ನು ಕಟ್ಟಿ, ಅದರ ಬಾಯಿಗೇ ಹಿಡಿದರು. ಅದು ಕಚ್ಚಿಕೊಂಡು ಹಾರಿತು. 'ಓಡು!'

ಗೂಡು ಸಿಗುವವರೆಗೆ ಎಳೆ ನೋಡುತ್ತಾ ಓಡಬೇಕು. ಅಂದರೆ ನೆಲ ನೋಡುವಂತಿಲ್ಲ. ಎಪ್ಪತ್ತು ದಾಟಿದ ಅವರು ಬೇಲಿ ಹಾರಿದರು. ನಾನು ಗದ್ದೆಗೆ ಹಾರಿದೆ. ಮೊಣಕಾಲವರೆಗೆ ಕೆಸರು, ಒಂದು ಬೂಟು ಇನ್ನೂ ಅಲ್ಲೇ ಇದೆ.

ಹೊಗೆ ಹಾಕಿ ಅಗೆದ ಗೂಡನ್ನು ಅವರು ತಿನ್ನಲಿಲ್ಲ! ಹಿತ್ತಿಲ ಮರದ ಪೆಟ್ಟಿಗೆಯಲ್ಲಿಟ್ಟು, ಮಾಂಸ, ಸಕ್ಕರೆ ನೀರು ಕೊಟ್ಟು ಶರತ್ಕಾಲದವರೆಗೆ ಸಾಕಿದರು. ನವೆಂಬರಿನ ಹೆಬೊ ಹಬ್ಬಕ್ಕೆ ನಾನು ಮತ್ತೆ ಹೋದೆ. ಅಲ್ಲಿ ಯಾರ ಗೂಡು ಹೆಚ್ಚು ತೂಗುತ್ತದೆಂದು ಪೈಪೋಟಿ. ನಮ್ಮದು ಗೆಲ್ಲಲಿಲ್ಲ. ಅದಕ್ಕೆ ಬೂಟು ಕಾರಣವಲ್ಲ ಎಂದು ಮುದುಕರು ಎರಡು ಸಲ ಹೇಳಿದ್ದು ನನಗೆ ಅನುಮಾನ ತಂದಿತು.

ಆ ಸಂಜೆ ಎಲ್ಲರೂ ಸುತ್ತ ಕೂತು, ಹಲಸಿನ ತೊಳೆ ಬಿಡಿಸುವಷ್ಟು ನಿಷ್ಠೆಯಿಂದ, ಚಿಮಟದಲ್ಲಿ ಒಂದೊಂದೇ ಬಿಳಿ ಮರಿಹುಳವನ್ನು ಗೂಡಿನಿಂದ ತೆಗೆದೆವು. ನಾನು ಎರಡನ್ನು ಅಪ್ಪಚ್ಚಿ ಮಾಡಿದೆ. ಒಂದು ಅಂಗಿ ತೋಳಿನೊಳಗೆ ಹೋಯಿತು. ಉಳಿದವು ಸೋಯಾ ಸಾಸು, ಸಕ್ಕರೆಯಲ್ಲಿ ಬೆಂದು ಬಿಸಿ ಅನ್ನಕ್ಕೆ ಬಿದ್ದವು. ನಮ್ಮಲ್ಲಿ ಭತ್ತ ತುಂಬಿಡುವುದೂ ಕಣಜ, ಕುಟುಕುವುದೂ ಕಣಜ. ಇವರು ಎರಡನ್ನೂ ಒಂದೇ ಬಟ್ಟಲಿಗೆ ಹಾಕಿದ್ದರು. ಕಣ್ಣು ಮುಚ್ಚಿ ತಿಂದರೆ ಸಿಹಿ, ಹುರಿದ ಗೇರುಬೀಜದ ಎಣ್ಣೆವಾಸನೆ. ಕಣ್ಣು ಬಿಟ್ಟರೆ ರೆಕ್ಕೆ ಮೂಡಿದ್ದೊಂದು ನನ್ನನ್ನೇ ನೋಡುತ್ತಿತ್ತು.

ಆಗಲೇ ಅಮ್ಮನ ಫೋನು.

'ಊಟ ಆಯ್ತಾ ಮಗಾ? ಅನ್ನಕ್ಕೆ ಏನು?'

ಸುಳ್ಳು ಹೊಳೆಯಲಿಲ್ಲ. ಹೇಳಿಬಿಟ್ಟೆ. ಆ ಕಡೆ ಅರ್ಧ ನಿಮಿಷ ಉಸಿರಿಲ್ಲ.

'ನಿಮ್ಮಜ್ಜ ಶೀತ ಆದಾಗೆಲ್ಲ ಚಗಳಿ ಇರುವೆ ಗೂಡು ಇಳಿಸಿ ಚಟ್ನಿ ಅರೆಸ್ತಿದ್ರು. ನಿನಗೆ ಕೊಟ್ಟಾಗ ನೀನು ಮೂರು ದಿನ ಮಾತು ಬಿಟ್ಟಿದ್ದೆ. ಈಗ ಯಾರದ್ದೋ ಮನೇಲಿ, ಅದೂ ಸಕ್ಕರೆ ಹಾಕಿದ್ದನ್ನ ತಿಂತೀಯಾ?'