ಪೋಲೆಂಡಿನ ಸುಧಾರಕರು ಚುನಾವಣೆ ಸೋತದ್ದೇ ಒಳ್ಳೆಯದಾಯಿತು

'ರಷ್ಯನ್ನರಿಗೆ ಪ್ರಜಾಪ್ರಭುತ್ವ ಒಗ್ಗಲಿಲ್ಲ, ಅವರಿಗೆ ಬಿಗಿ ಕೈಯೇ ಬೇಕು' ಅನ್ನೋ ಮಾತನ್ನು ನಮ್ಮಲ್ಲಿ ಎಡದವರೂ ಹೇಳ್ತಾರೆ, ಬಲದವರೂ ಹೇಳ್ತಾರೆ. ನನಗಂತೂ ಇದು ಶುದ್ಧ ಸೋಮಾರಿತನದ ಮಾತು ಅನ್ನಿಸುತ್ತೆ. ಒಗ್ಗೋದು ಬಿಡೋದು ಆಮೇಲಿನ ಮಾತು, ಅವರಿಗೆ ಅದು ಸಿಕ್ಕಿದ್ದಾದರೂ ಎಷ್ಟು ದಿನ? ಅದೇ ಕಾಲದ ಪೋಲೆಂಡನ್ನು ಪಕ್ಕದಲ್ಲಿಟ್ಟು ನೋಡಿ, ಗೊತ್ತಾಗುತ್ತೆ.

ಸೋವಿಯತ್ ಒಕ್ಕೂಟ ಒಡೆದ ಮರುವರ್ಷ, 1992ರ ಅಕ್ಟೋಬರ್‌ನಲ್ಲಿ, ರಷ್ಯಾ ಸರ್ಕಾರ ಹಸುಗೂಸುಗಳನ್ನೂ ಸೇರಿಸಿ ಪ್ರತಿಯೊಬ್ಬ ಪ್ರಜೆಗೂ ಒಂದೊಂದು ವೋಚರ್ ಹಂಚಲು ಶುರು ಮಾಡಿತು. 25 ರೂಬಲ್ ಕಟ್ಟಿದರೆ 10,000 ರೂಬಲ್ ಮುಖಬೆಲೆಯ ಕಾಗದ. ಅದನ್ನು ಕೊಟ್ಟು ಸರ್ಕಾರಿ ಕಾರ್ಖಾನೆಗಳ ಷೇರು ಪಡೆಯಬಹುದಿತ್ತು. ಮುಂದೆ ಒಂದು ವೋಚರ್‌ಗೆ ಎರಡು ವೋಲ್ಗಾ ಕಾರಿನ ಬೆಲೆ ಬರುತ್ತೆ ಅಂತ ಯೋಜನೆಯ ಹೊಣೆ ಹೊತ್ತಿದ್ದ ಅನಾತೊಲಿ ಚುಬೈಸ್ ಹೇಳಿದ್ದರು. ಆದರೆ ಅದೇ ವರ್ಷದ ಜನವರಿ 2ರಂದು ಬೆಲೆ ನಿಯಂತ್ರಣ ತೆಗೆದಿದ್ದರಿಂದ ಆ ವರ್ಷದ ಹಣದುಬ್ಬರ 2,500%ರ ಆಸುಪಾಸಿಗೆ ಹೋಯಿತು. ಜೀವಮಾನದ ಉಳಿತಾಯ ಕರಗಿಹೋದವನು ಷೇರು ಇಟ್ಟುಕೊಂಡು ಏನು ಮಾಡ್ತಾನೆ? 'ವೋಚರ್ ಕೊಳ್ತೀವಿ' ಅಂತ ಕೊರಳಿಗೆ ಬೋರ್ಡು ನೇತುಹಾಕಿಕೊಂಡು ಬೀದಿಯಲ್ಲಿ ನಿಂತವರಿಗೆ ಮಾರಿ ಕೈತೊಳೆದುಕೊಂಡ.

ಆ ವೋಚರ್ ಮೇಲೆ ಅಚ್ಚಾಗಿದ್ದದ್ದು ಮಾಸ್ಕೋದ ಶ್ವೇತಭವನದ ಚಿತ್ರ, ಅಂದರೆ ಆಗ ಸಂಸತ್ತು ಸೇರುತ್ತಿದ್ದ ಕಟ್ಟಡ. 1993ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ಯೆಲ್ಟ್ಸಿನ್ ಸಂಸತ್ತನ್ನು ವಿಸರ್ಜಿಸಿದರು, ಅಕ್ಟೋಬರ್ 4ರಂದು ಅದೇ ಕಟ್ಟಡದ ಮೇಲೆ ಟ್ಯಾಂಕಿನಿಂದ ಗುಂಡು ಹಾರಿಸಿದರು. ಒಳಗಿದ್ದವರೇನೂ ಸಾಚಾಗಳಲ್ಲ, ಅವರ ಬಂಟರೂ ಟಿವಿ ಕೇಂದ್ರಕ್ಕೆ ನುಗ್ಗಿದ್ದರು. ಆದರೆ 'ಸುಧಾರಣೆ ಉಳೀಬೇಕು' ಅಂತ ಪಶ್ಚಿಮದ ಸರ್ಕಾರಗಳು ಯೆಲ್ಟ್ಸಿನ್ ಬೆನ್ನಿಗೆ ನಿಂತವಲ್ಲ, ಅದರ ಫಲ ಎರಡು ವರ್ಷದಲ್ಲೇ ಕಂಡಿತು. 1995ರಲ್ಲಿ ಸರ್ಕಾರ ಸಾಲಕ್ಕಾಗಿ ದೊಡ್ಡ ಕಂಪನಿಗಳ ಷೇರುಗಳನ್ನೇ ಬ್ಯಾಂಕುಗಳಿಗೆ ಒತ್ತೆ ಇಟ್ಟಿತು. ನೊರಿಲ್ಸ್ಕ್ ನಿಕಲ್ ಅನ್ನೋ ದೊಡ್ಡ ಗಣಿ ಕಂಪನಿಯ 38% ಷೇರು 17 ಕೋಟಿ ಡಾಲರ್‌ಗೆ ಉದ್ಯಮಿ ಪೊತಾನಿನ್ ಅವರ ಬ್ಯಾಂಕಿನ ಪಾಲಾಯಿತು. ಹರಾಜು ನಡೆಸಿದ್ದೂ ಅದೇ ಬ್ಯಾಂಕು! ಹೆಚ್ಚು ಕೂಗಿದ್ದ ಇನ್ನೊಂದು ಬ್ಯಾಂಕನ್ನು ಹೊರಗಿಟ್ಟರು. ಇದನ್ನು ತಡೆಯುವ ಶಕ್ತಿ ಇರುವ ಸಂಸತ್ತು ಅಷ್ಟೊತ್ತಿಗೆ ಎಲ್ಲಿತ್ತು?

ಪೋಲೆಂಡ್ ಕುಡಿದದ್ದೂ ಇದೇ ಕಹಿ ಕಷಾಯವನ್ನೇ, ಅದೂ ಎರಡು ವರ್ಷ ಮೊದಲು. 1990ರ ಜನವರಿ 1ರಿಂದ ಬೆಲೆ ನಿಯಂತ್ರಣ ತೆಗೆದು ಒಮ್ಮೆಲೇ ಮಾರುಕಟ್ಟೆಗೆ ದಾರಿ ಬಿಡುವ ಹಣಕಾಸು ಸಚಿವ ಬಾಲ್ಟ್ಸೆರೋವಿಚ್ ಅವರ ಯೋಜನೆ ಜಾರಿಗೆ ಬಂತು. ಜನ ವಾರ್ಸಾದ ರಸ್ತೆಬದಿಯಲ್ಲಿ ಮಡಚುವ ಮಂಚ ಬಿಡಿಸಿ, ಅದರ ಮೇಲೇ ಸಾಮಾನು ಹರಡಿಕೊಂಡು ವ್ಯಾಪಾರಕ್ಕೆ ಕೂತರು. ಸರ್ಕಾರಿ ಕೃಷಿ ಫಾರ್ಮುಗಳು ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು, ನಿರುದ್ಯೋಗ 16% ಮುಟ್ಟಿತು. ಕಾರ್ಮಿಕ ಸಚಿವ ಯಾಟ್ಸೆಕ್ ಕುರೋನ್ ಟಿವಿಯಲ್ಲಿ ಕೂತು ಏನಾಗ್ತಿದೆ ಅಂತ ಜನಕ್ಕೆ ಬಿಡಿಸಿ ಹೇಳ್ತಿದ್ದರು. ಆ ಕೆಲಸವನ್ನು ಮಾಸ್ಕೋದಲ್ಲಿ ಯಾರೂ ಅಷ್ಟು ಶ್ರದ್ಧೆಯಿಂದ ಮಾಡಿದಂತೆ ಕಾಣಲ್ಲ.

ಇಷ್ಟಾದರೂ ಪೋಲಿಷ್ ಜನರ ಸಿಟ್ಟು ಇಳಿಯಲಿಲ್ಲ. 1993ರ ಸೆಪ್ಟೆಂಬರ್ 19ರಂದು, ಅಂದರೆ ಯೆಲ್ಟ್ಸಿನ್ ಸಂಸತ್ತು ವಿಸರ್ಜಿಸುವ ಎರಡೇ ದಿನ ಮುಂಚೆ, ಸುಧಾರಕರನ್ನು ಸೋಲಿಸಿ ಹಳೇ ಕಮ್ಯುನಿಸ್ಟರ ಪಕ್ಷವನ್ನೇ ಗೆಲ್ಲಿಸಿದರು. ಹಾಗಂತ ಆಕಾಶವೇನೂ ಕಳಚಿ ಬೀಳಲಿಲ್ಲ. ಗೆದ್ದವರು ಮಾರುಕಟ್ಟೆಯನ್ನು ಮುಚ್ಚಲಿಲ್ಲ, ದೊಡ್ಡ ಕಾರ್ಖಾನೆಗಳ ಖಾಸಗೀಕರಣವನ್ನು ಮಾತ್ರ ನಿಧಾನ ಮಾಡಿದರು. ಅವಸರದಲ್ಲಿ ಸಿಕ್ಕವರಿಗೆ ಸಿಕ್ಕಷ್ಟು ಬಾಚಿಕೊಳ್ಳಲು ಅವಕಾಶ ಕೊಡದ ಆ ನಿಧಾನವೇ ದೇಶವನ್ನು ಕಾಪಾಡಿತು ಅನ್ನೋದು ನನ್ನ ಎಣಿಕೆ.

ಪೋಲೆಂಡಿಗೆ ಅನುಕೂಲಗಳೂ ಇದ್ದವು ಅಂತ ನೀವು ಹೇಳಬಹುದು. ಇದ್ದವು. ಸಾಲಿಡಾರಿಟಿಯಂಥ ಬೃಹತ್ ಕಾರ್ಮಿಕ ಸಂಘಟನೆ ಇತ್ತು, ಹೊಲಗಳು ಬಹುಪಾಲು ರೈತರ ಕೈಯಲ್ಲೇ ಉಳಿದಿದ್ದವು, 1991ರಲ್ಲಿ ಸಾಲ ಕೊಟ್ಟ ದೇಶಗಳು ತಮ್ಮ ಸಾಲದಲ್ಲಿ ಅರ್ಧ ಬಿಡಲು ಒಪ್ಪಿದವು, ಯುರೋಪಿಯನ್ ಒಕ್ಕೂಟ ಸೇರುವ ದಾರಿಯೂ ತೆರೆದಿತ್ತು. ಆಮೇಲೂ ಅಲ್ಲಿ ಎಲ್ಲ ಸಲೀಸಾಗಿರಲಿಲ್ಲ. 2015ರಲ್ಲಿ ಅಧಿಕಾರಕ್ಕೆ ಬಂದ 'ಕಾನೂನು ಮತ್ತು ನ್ಯಾಯ' ಪಕ್ಷ, ಹೆಸರಿಗೆ ತದ್ವಿರುದ್ಧವಾಗಿ, ನ್ಯಾಯಾಲಯಗಳನ್ನೇ ಕೈವಶ ಮಾಡಿಕೊಳ್ಳಲು ಹೊರಟಿತು. 2023ರ ಅಕ್ಟೋಬರ್‌ನಲ್ಲಿ ಸುಮಾರು 74% ಜನ ಮತಗಟ್ಟೆಗೆ ಬಂದು ಅದರ ಬಹುಮತ ಕಿತ್ತುಕೊಂಡರು. ರಷ್ಯಾದಲ್ಲಿ 1991ರಿಂದ ಇಲ್ಲಿಯತನಕ ಅಧಿಕಾರದಲ್ಲಿದ್ದ ಒಬ್ಬ ಅಧ್ಯಕ್ಷನೂ ಚುನಾವಣೆ ಸೋತು ಕುರ್ಚಿ ಬಿಟ್ಟಿಲ್ಲ.